ಋಷಿ ಪುಡಿ

ನಮ್ಮ ಯಜಮಾನರ ಹೃದಯಕ್ಕೆ ಸ್ಟೆಂಟ್ ಹಾಕಿದಂದಿನಿಂದ ಅವರ ಮಾತ್ರೆಗಳ ಹೊಣೆ ನನ್ನದು. ತಿಂಡಿಯಾದ ಮೇಲೆ ರಕ್ತ ತೆಳುವಾಗಿಸುವ ಮಾತ್ರೆ, ಸಂಜೆ ಬಿ.ಪಿ.ಯದು. ನಾನು ಅಂಗೈಯಲ್ಲಿ ಇಡುತ್ತೇನೆ, ಅವರು ಮುಖ ಸಿಂಡರಿಸಿಕೊಂಡು ನುಂಗುತ್ತಾರೆ. ಈ ತೆಲುಗು ಊರಿನಲ್ಲಿ, ಸನತ್‌ನಗರದ ನಮ್ಮ ಮನೆಯಲ್ಲಿ ಇದು ತಪ್ಪಿದ ದಿನವಿಲ್ಲ. ಇದಕ್ಕೆ ಮೆಚ್ಚುಗೆಯ ಮಾತು ಬಂದ ದಿನವೂ ಇಲ್ಲ.

ಹೋದ ವರ್ಷ ಮಾದಾಪುರದಿಂದ ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಗಾಜಿನ ಡಬ್ಬಿಯಲ್ಲಿ ಕಂದು ಬಣ್ಣದ ಪುಡಿ ತಂದಳು.

"ಭಾವಾರ, ಇದು ರುಷಿ ಪುಡಿ ರೀ. ನಮ್ಮ ಅಪಾರ್ಟ್‌ಮೆಂಟಿನ್ಯಾಗ ಎಲ್ಲಾರೂ ತಗೋಳಾಕತ್ತಾರ. ಶಕ್ತಿ ಬರ್ತೈತಿ, ನಿದ್ದಿ ಚೊಲೋ ಹತ್ತತೈತಿ. ಭಾಳ ಹಳೇ ಕಾಲದ ಔಷಧ ಅಂತ."

ಋಷಿಗಳ ಔಷಧ ಎಂದ ಮೇಲೆ ಕೇಳಬೇಕೆ? ಇವರು ಸ್ನಾನ ಮಾಡಿ, ಬಿಸಿನೀರಿಗೆ ಪುಡಿ ಕಲಸಿ, ಪೂರ್ವಕ್ಕೆ ಮುಖ ಮಾಡಿ ಕುಡಿಯತೊಡಗಿದರು. ಬೇವಿನಷ್ಟು ಕಹಿ. ನನ್ನ ಶುಂಠಿ ಕಷಾಯವನ್ನು ಘಾಟು ಎಂದು ತಳ್ಳುತ್ತಿದ್ದವರು ಇದರ ಲೋಟಕ್ಕೆ ನೀರು ಹಾಕಿ, ತಳವನ್ನೂ ಬಿಡದೆ ಕುಡಿಯುತ್ತಿದ್ದರು. ಪಾರ್ಕಿನಲ್ಲಿ ಸಿಕ್ಕವರಿಗೆಲ್ಲ, "ತಮ್ಮನ ಹೆಂಡ್ತಿ ಕೊಟ್ಟಿದ್ದು, ಮೈ ಹಗುರ ಆಗೈತಿ" ಎಂದು ಹೇಳುವರು. ಪಕ್ಕದಲ್ಲೇ ನಡೆಯುತ್ತಿದ್ದ ನನ್ನ ಹೊಟ್ಟೆಯಲ್ಲಿ ಒಲೆ ಉರಿಯುತ್ತಿತ್ತು.

ಕೆಲವು ವಾರಗಳ ನಂತರ ಅವರ ಮೊಳಕೈ ಹತ್ತಿರ ನೀಲಿ ಕಲೆ ಕಂಡೆ. ಎಲ್ಲಿಯೂ ತಾಗಿಸಿಕೊಂಡಿರಲಿಲ್ಲ. ಮರುದಿನ ಅವರು ಹಲ್ಲುಜ್ಜಿದ ಮೇಲೆ ಬೇಸಿನ್ನಿನಲ್ಲಿ ರಕ್ತ.

"ಬ್ರಶ್ ಬಿರುಸೈತಿ," ಎಂದರು.

ಮೆತ್ತಗಿನ ಬ್ರಶ್ ತಂದುಕೊಟ್ಟೆ. ಆಗಲೂ ರಕ್ತ.

"ಆ ಪುಡಿ ನಿಲ್ಲಸ್ರಿ. ಅದು ಬಂದ ಮ್ಯಾಲ ಇದು ಶುರು ಆಗೈತಿ."

"ಅಕಿ ತಂದಾಳಂತ ನಿನಗ ಹೊಟ್ಟಿಕಿಚ್ಚು. ರಕ್ತ ಬರೂದು ನಿನ್ನ ಗುಳಗಿಯಿಂದ. ಬೇಕಾದ್ರ ಗುಳಗಿ ಬಿಡ್ತೀನಿ, ಪುಡಿ ಬಿಡೂದಿಲ್ಲ."

ಹೊಟ್ಟೆಕಿಚ್ಚು ಇದ್ದದ್ದು ನಿಜ. ರಕ್ತವೂ ನಿಜ. ಆ ಮಾತ್ರೆ ಬಿಟ್ಟರೆ ಸ್ಟೆಂಟ್ ಕಟ್ಟಿಕೊಂಡೀತು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಹಟಕ್ಕೆ ಬಿದ್ದು ಅದನ್ನೇ ಬಿಟ್ಟರೆ ಏನು ಗತಿ ಎಂದು ಅಂದೇ ಅಮೀರ್‌ಪೇಟೆಯ ಡಾಕ್ಟರ ಕ್ಲಿನಿಕ್ಕಿಗೆ ಇವರನ್ನು ಕರೆದೊಯ್ದೆ. ಹೊರಡುವ ಮೊದಲು ನೆಗೆಣ್ಣಿಗೆ ಫೋನ್ ಮಾಡಿ, ಪುಡಿಯ ಪಾಕೀಟಿನ ಫೋಟೋ ತರಿಸಿಕೊಂಡೆ.

ಬೇರೆ ಏನಾದರೂ ಔಷಧ ತೆಗೆದುಕೊಳ್ಳುತ್ತೀರಾ ಎಂದು ಡಾಕ್ಟರು ಕೇಳಿದರು. ಇವರು ನಿರಾಳವಾಗಿ ಇಲ್ಲ ಎಂದರು. ಋಷಿ ಪುಡಿ ಅವರ ಲೆಕ್ಕದಲ್ಲಿ ತೀರ್ಥ. ನಾನು ಋಷಿ ಪುಡಿ ಎಂದು ಹೇಳಿ ಫೋಟೋ ಮುಂದೆ ಹಿಡಿದೆ. ಪಾಕೀಟಿನ ಮೇಲೆ ಬೀಸಣಿಗೆಯಂಥದ್ದೇನೋ ಕೆಂಪಗೆ ಹೊಳೆಯುತ್ತಿತ್ತು. ಯಾವುದೋ ಮರದ ತೊಗಟೆ ಎಂದುಕೊಂಡಿದ್ದೆ.

"ರುಷಿ ಕಾದಂಡಿ, ರೇಶಿ. ಇದಿ ಪುಟ್ಟಗೊಡುಗು," ಎಂದರು ಡಾಕ್ಟರು.

ಇವರಿಗೆ ಅಷ್ಟು ತೆಲುಗು ಬರುತ್ತದೆ. ಋಷಿ ಅಲ್ಲ, ರೇಶಿ; ಪುಟ್ಟಗೊಡುಗು ಅಂದರೆ ನಾಯಿಕೊಡೆ, ಅಣಬೆ. ಮಗಳು ಹೋಟೆಲಿನಲ್ಲಿ ಅದನ್ನು ತರಿಸಿದರೆ ಬೇರೆ ಟೇಬಲ್ಲಿಗೆ ಎದ್ದುಹೋಗುವವರು ಇವರು.

ಡಾಕ್ಟರು ಅದನ್ನು ವಿಷವೆಂದೇನೂ ಅನ್ನಲಿಲ್ಲ. ಚೀನಾ, ಜಪಾನಿನವರು ತಲೆತಲಾಂತರದಿಂದ ಬಳಸುತ್ತಾರೆ, ಗುಣವಿದ್ದೀತು, ಆದರೆ ಹೇಳಿಕೊಳ್ಳುವಷ್ಟೆಲ್ಲ ಖಚಿತವಾಗಿಲ್ಲ ಎಂದರು. ಇದು ಕೂಡ ರಕ್ತ ಹೆಪ್ಪುಗಟ್ಟದಂತೆ ಮಾಡಬಹುದು, ನಿಮ್ಮ ಮಾತ್ರೆಯ ಜೊತೆ ಸೇರಬಾರದು. ಪುಡಿ ನಿಲ್ಲಿಸಿ, ಮಾತ್ರೆ ಮಾತ್ರ ಬಿಡಬೇಡಿ ಎಂದು ರಕ್ತ ಪರೀಕ್ಷೆಗೆ ಬರೆದುಕೊಟ್ಟರು.

ಒಸಡಿನ ರಕ್ತ ಕ್ರಮೇಣ ನಿಂತಿತು. ಕ್ಲಿನಿಕ್ಕಿನಿಂದ ಬಂದ ದಿನವೇ ಇವರು ನೆಗೆಣ್ಣಿಗೆ ಫೋನ್ ಹಚ್ಚಿದಾಗ ಬೈಯುತ್ತಾರೆಂದೇ ಕಾದಿದ್ದೆ.

"ಏನವಾ ತಂಗಿ, ರುಷಿ ಅಂತ ಹೇಳಿ ನನಗ ನಾಯಿಕೊಡಿ ಕುಡಿಸಿದೆಲ್ಲ! ನಾ ಪೂರ್ವಕ್ಕ ಮುಖಾ ಮಾಡಿ ಕುಡದೇನಿ!"

ಆ ಕಡೆಯಿಂದ "ಅಯ್ಯ ಶಿವನ!" ಎಂಬ ಕೂಗು, ಆಮೇಲೆ ನಗು. ಇವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನ್ನ ಜೊತೆ ಹಾಗೆ ನಕ್ಕದ್ದು ನೆನಪಿಲ್ಲ.

ಆಮೇಲೆ ಫೋನು ನನ್ನ ಕೈಗೆ ಬಂತು.

"ಅಕ್ಕಾ, ತಪ್ಪಾತ್ರಿ. ನೀವು ನೋಡಿದ್ದಕ್ಕ ಚೊಲೋ ಆತು," ಎಂದಳು.

"ಮುಂದ ಏನರ ತಂದ್ರ ಮೊದಲ ಡಾಕ್ಟರಿಗೆ ತೋರಸೂಣು," ಎಂದಷ್ಟೇ ಹೇಳಿದೆ.

"ಆತ್ರಿ ಅಕ್ಕಾ. ಒಂದೀಟು ಭಾವಾರಿಗೆ ಕೊಡ್ರಿ."

ಕೊಟ್ಟೆ. ಮತ್ತೆ ನಗು ಶುರುವಾಯಿತು. ನಾನು ಅಡುಗೆಮನೆಗೆ ಹೋದೆ.