ಜಲಜಕ್ಕನ ಕನಸು ನಿಂತುಹೋದದ್ದು

ಕುಂದಾಪುರದ ಮೆಡಿಕಲ್ ಶಾಪೊಂದರ ಮಹಡಿಯ ಮೇಲೆ ನನ್ನದೊಂದು ಕೋಣೆಯಿದೆ. ಹೊರಗೆ ‘ಮನೋಚಿಕಿತ್ಸೆ’ ಎಂಬ ಬೋರ್ಡು. ಕನಸುಗಳನ್ನೂ ಅವುಗಳಲ್ಲಿ ಕಾಣುವ ಚಿತ್ರಗಳನ್ನೂ ಹಿಡಿದುಕೊಂಡು ಮನಸ್ಸಿನ ಒಳಗೆ ಇಳಿಯುವ ಪದ್ಧತಿ ನನ್ನದು. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಈ ವಿದ್ಯೆ ಬ್ರಹ್ಮಾವರದಲ್ಲಿ ಹುಟ್ಟಿದ ನನಗೆ ಹೇಗೆ ಅಂಟಿಕೊಂಡಿತೋ ತಿಳಿಯದು. ಊರಿನವರಿಗಂತೂ ನಾನು ಕನಸಿನ ಫಲ ಹೇಳುವವಳು. “ಹಲ್ಲ್ ಬಿದ್ದಾಂಗೆ ಕನ್ಸ್ ಬಿತ್ತ್, ಒಳ್ಳೇದಾ ಕೆಟ್ಟದಾ?” ಎಂದು ಮೆಟ್ಟಿಲ ಕೆಳಗಿನಿಂದಲೇ ಕೂಗಿ ಕೇಳಿದವರಿದ್ದಾರೆ. ನನಗೆ ಗೊತ್ತಿಲ್ಲ ಎಂದರೆ, ಇವಳಿಗೆ ವಿದ್ಯೆ ಸಾಲದು ಎಂಬ ಕನಿಕರದಿಂದ ನೋಡಿ ಹೋಗುತ್ತಾರೆ. ಅವರ ಮಾತು ನಿಜವಿರಬಹುದೆಂದು ಈಚೆಗೆ ನನಗೂ ಅನಿಸತೊಡಗಿದೆ.

ಜಲಜಕ್ಕ ಬಂದದ್ದು ಒಂದು ಮಳೆಗಾಲ ಮುಗಿದ ಮೇಲೆ. ಹೆಸರು ಅದಲ್ಲ. ನಿಮ್ಮ ಕತೆ ಬರೆಯಲೇ ಎಂದು ಕೇಳಿದಾಗ, “ಬರೀರಿ, ಹೆಸ್ರ್ ಮಾತ್ರ ಚಂದದ್ದ್ ಇಡಿ” ಎಂದಿದ್ದರು. ತ್ರಾಸಿಯ ಕಡಲ ಬದಿಯ ಮನೆ. ಬೆಳಿಗ್ಗೆ ಹೆಮ್ಮಾಡಿಯಲ್ಲಿ ಮೀನು ಮಾರಿ, ಮಧ್ಯಾಹ್ನ ಮನೆಗೆ ಬಂದು ಒಂದು ಗಳಿಗೆ ಮಲಗುವುದು ರೂಢಿ. ಗಂಡ ಹೋದ ದೋಣಿ ಗಾಳಿಗೆ ಮಗುಚಿತ್ತು. ಉಳಿದವರು ಈಜಿ ದಡ ಸೇರಿದರು. ಗಂಡ ಬರಲಿಲ್ಲ, ಹೆಣವೂ ಸಿಗಲಿಲ್ಲ.

ಆದರೆ ಮಧ್ಯಾಹ್ನದ ನಿದ್ದೆಯಲ್ಲಿ ಅವರು ಬರುತ್ತಿದ್ದರು. ಅಡುಗೆಮನೆಯ ಬಾಗಿಲಲ್ಲಿ ತೊಯ್ದ ಬಟ್ಟೆಯಲ್ಲಿ ನಿಲ್ಲುತ್ತಿದ್ದರು. ಒಳಗೆ ಬನ್ನಿ ಎಂದರೆ ಬರುತ್ತಿರಲಿಲ್ಲ, ಮಾತೂ ಆಡುತ್ತಿರಲಿಲ್ಲ. ಎಚ್ಚರವಾದ ಮೇಲೆ ಜಲಜಕ್ಕನಿಗೆ ಅನ್ನ ಸೇರುತ್ತಿರಲಿಲ್ಲ, ರಾತ್ರಿ ಕಣ್ಣು ಮುಚ್ಚುತ್ತಿರಲಿಲ್ಲ. ದೇಹ ಸೊರಗಿ ಕಡ್ಡಿಯಾಗಿತ್ತು. ಮೈದುನ ಮಾತ್ರ ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿಸಿಬಿಡೋಣ, ಸತ್ತವರಿಗೆ ದಾರಿಯಾಗಬೇಡವೇ ಎಂದು ದಿನವೂ ಹಟ ಹಿಡಿದಿದ್ದ.

“ನೀವೇ ಹೇಳಿ ಡಾಕ್ಟ್ರಮ್ಮ, ಮನಿ ಬಾಗ್ಲಿಗೆ ಬಂದ್ ನಿಂತವ್ರಿಗೆ ಬೊಜ್ಜ ಮಾಡುದ್ ಹ್ಯಾಂಗೆ?”

ನಾನು ಡಾಕ್ಟರಲ್ಲ. ಆ ಬಾಗಿಲನ್ನೇ ಇನ್ನೊಮ್ಮೆ ನೋಡೋಣ ಎಂದೆ.

ನಮ್ಮ ಪದ್ಧತಿಯಲ್ಲಿ ಕನಸಿಗೆ ಅರ್ಥ ಹಚ್ಚುವ ಅವಸರವಿಲ್ಲ. ಹಾವೆಂದರೆ ಇದು, ನೀರೆಂದರೆ ಅದು ಎಂದು ನಿಘಂಟು ತೆರೆದ ಕೂಡಲೇ ಕಂಡ ಹಾವು ಹರಿದುಹೋಗುತ್ತದೆ, ಕೈಯಲ್ಲಿ ನಿಘಂಟು ಮಾತ್ರ ಉಳಿಯುತ್ತದೆ. ಕಂಡ ಚಿತ್ರದ ಎದುರು ಕೂತು ಅದನ್ನೇ ಮತ್ತೆ ಮತ್ತೆ ನೋಡಬೇಕು. ಹಾಗಾಗಿ ವಾರ ವಾರವೂ ಜಲಜಕ್ಕ ನನ್ನ ಕೋಣೆಯಲ್ಲಿ ಕಣ್ಣು ಮುಚ್ಚಿ ಗಂಡನನ್ನು ನೋಡಿದರು. ಅಂಗಿಯ ಗುಂಡಿ ನೋಡಿದರು, ಕೂದಲಿಂದ ಇಳಿಯುವ ನೀರು ನೋಡಿದರು. ಒಂದು ದಿನ ನಾನು ಕೇಳಿದೆ, “ಕಾಲ್ ಹ್ಯಾಂಗಿತ್ತ್, ಜಲಜಕ್ಕ?”

ಮುಚ್ಚಿದ ಕಣ್ಣಲ್ಲೇ ತಲೆ ಬಗ್ಗಿಸಿ ನೋಡಿದರು. ಆಮೇಲೆ, “ಕಾಲಿಗೆ ಹೊಯ್ಗೆ ಇಲ್ಲ” ಎಂದರು.

“ಅಂದ್ರೆ?”

“ಕಡ್ಲಿಂದ ಮನಿಗ್ ಬಪ್ಪುಕೆ ಹೊಯ್ಗೆ ಮೆಟ್ಕ್, ಅಲ್ದಾ? ಒಂದ್ ಕಾಳ್ ಮರಳೂ ಇಲ್ಲ.” ಕಣ್ಣು ತೆರೆದರು. “ಇವ್ರ್ ದಡಕ್ಕೇ ಬರ್ಲಿಲ್ಲ, ಅಮ್ಮ.”

ಆಮೇಲೆ ಅವರು ಅತ್ತ ಅಳು ಕೆಳಗಿನ ಅಂಗಡಿಗೂ ಕೇಳಿಸಿತು. ಅಂಗಡಿಯವರು ಮೇಲೆ ಬಂದು, ಕೋಣೆಗೆ ಇಣುಕಿ, ಸುಮ್ಮನೆ ಇಳಿದುಹೋದರು. ಆ ತಿಂಗಳೇ ಬೊಜ್ಜ ಆಯಿತು. ನಾನು ಒಳಗೊಳಗೇ ಬೀಗಿದೆ. ಕಲಿಸಿದವರು ಕಂಡಿದ್ದರೆ ಬೆನ್ನು ತಟ್ಟುತ್ತಿದ್ದರು ಎಂದುಕೊಂಡೆ.

ಬೊಜ್ಜ ಮುಗಿಸಿ ಬಂದ ಜಲಜಕ್ಕನ ಮುಖದಲ್ಲಿ ಸ್ವಲ್ಪ ಗೆಲುವಿತ್ತು. ಕೂತವರು ಸೆರಗಿನ ತುದಿ ಹಿಂಡುತ್ತ ಹೇಳಿದರು, “ನಿದ್ರಿ ಬತ್ತ್. ಅನ್ನವೂ ಸೇರತ್ತ್. ಇವ್ರ್ ಮಾತ್ರ ಬತ್ತಿಲ್ಲ.”

ನಾನು ಅದನ್ನು ಬರೆದುಕೊಂಡೆ.

“ಒಂದ್ ಸಲ ಬಪ್ಪಾಂಗ್ ಮಾಡುಕೆ ಆತ್ತಾ? ಒಳ್ಗ್ ಬರುದ್ ಬೇಡ. ಬಾಗ್ಲಲ್ಲೇ ನಿಲ್ಲಲಿ.”

ಕೆಲಸ ಮುಗಿಸಿದ ಕನಸು ತಾನಾಗಿ ಹೊರಟುಹೋಗುತ್ತದೆ ಎಂದು ನಮ್ಮ ಶಾಸ್ತ್ರ ಹೇಳುತ್ತದೆ. ನಾವು ಅದನ್ನೇ ಗುಣವಾಗುವುದು ಎನ್ನುತ್ತೇವೆ. ಗುಣವಾದವಳು ಎದುರು ಕೂತು ತನ್ನ ರೋಗವನ್ನು ವಾಪಸು ಕೇಳಿದರೆ ಏನು ಹೇಳಬೇಕೆಂದು ಯಾರೂ ಕಲಿಸಿರಲಿಲ್ಲ. ಗಂಡನನ್ನು ಕಡಲು ಒಯ್ದಿತ್ತು. ಉಳಿದ ಚೂರನ್ನು ನಾವಿಬ್ಬರೂ ಸೇರಿ, ಕಣ್ಣು ಮುಚ್ಚಿ, ಬಹಳ ಶ್ರದ್ಧೆಯಿಂದ ಕಳೆದಿದ್ದೆವು. ಆಗುವುದಿಲ್ಲ ಎಂದೆ. ಅವರು ತಲೆಯಾಡಿಸಿದರು. ಮಧ್ಯಾಹ್ನ ಮಲಗುವುದನ್ನೂ ಈಗ ಬಿಟ್ಟಿದ್ದಾರಂತೆ. ಸುಮ್ಮನೆ ಎಂತಕ್ಕೆ ಮಲಗುವುದು ಎಂದು ಕೇಳಿದರು.

ಆದರೂ ಬರುವುದು ನಿಲ್ಲಿಸಲಿಲ್ಲ. ಹೇಳಲು ಏನೂ ಇರುತ್ತಿರಲಿಲ್ಲ. ಫ್ಯಾನಿನ ಕೆಳಗೆ ಇಬ್ಬರೂ ಕೂತಿರುತ್ತಿದ್ದೆವು. ಮೊನ್ನೆ ಅವರೇ ಕೇಳಿದರು. “ನಿಮ್ಗಾರೂ ಕನ್ಸ್ ಬೀಳತ್ತಾ? ಬಿದ್ರೆ ಹೇಳಿ. ಯಾರದ್ದಾರೂ ಒಂದ್ ಕನ್ಸ್ ಕೇಂಬ ಅಂದೇಳಿ.”

ನಮ್ಮ ವೃತ್ತಿಯಲ್ಲಿ ಇದು ಸಲ್ಲದು. ಆದರೂ ಹೇಳಿದೆ. ಬೈಂದೂರಿಗೆ ಹೋಗುವ ಬಸ್ಸು ಹತ್ತಿದ್ದೇನೆ. ಒಳಗೆ ಯಾರೂ ಇಲ್ಲ, ಡ್ರೈವರ್ ಕೂಡ ಇಲ್ಲ. ಬಸ್ಸು ಮಾತ್ರ ಹೋಗುತ್ತಲೇ ಇದೆ. ಇಷ್ಟು ಬಡ ಕನಸನ್ನು ಅವರ ಮುಂದೆ ಇಡಲು ನಾಚಿಕೆಯಾಯಿತು.

ಜಲಜಕ್ಕ ಕಣ್ಣು ಮುಚ್ಚಿ ಕೇಳಿದರು. “ತ್ರಾಸಿ ದಾಟಿತ್ತಾ ಬಸ್ಸ್?”

“ದಾಟ್ತಾ ಇತ್ತ್.”

“ಕಿಟ್ಕಿಯಲ್ಲ್ ಕಡ್ಲ್ ಕಾಂತಿತ್ತಾ?”

“ಕಾಂತಿತ್ತ್.”

“ಕಡ್ಲಲ್ಲ್ ಯಾರಾರೂ ಇದ್ರಾ?”

“ಕಾಣ್ಲಿಲ್ಲ ಜಲಜಕ್ಕ. ಓರೆಗಣ್ಣಿಗ್ ಬಿದ್ದದ್ದ್ ಅಷ್ಟೆ, ಆ ಬದಿ ತಿರ್ಗಲೇ ಇಲ್ಲ.”

“ಇನ್ನೊಂದ್ ಸಲ ಬಿದ್ರೆ ಒಂಚೂರ್ ಕಡ್ಲ್ ಬದಿ ತಿರ್ಗಿ ಕಾಣಿ, ಆಯ್ತಾ,” ಎಂದು ಬುಟ್ಟಿ ಎತ್ತಿಕೊಂಡು ಮೆಟ್ಟಿಲಿಳಿದರು.

ಅಂದಿನಿಂದ ಮಲಗುವ ಮುಂಚೆ ನಾನು ಆ ಬಸ್ಸಿಗೆ ಕಾಯುತ್ತೇನೆ. ಸಿಕ್ಕರೆ ಕಡಲ ಬದಿಯ ಸೀಟಿನಲ್ಲೇ ಕೂರುವುದೆಂದು ನಿಶ್ಚಯಿಸಿದ್ದೇನೆ. ಇನ್ನೂ ಬಂದಿಲ್ಲ.