ಕೈರುಚಿ ಕೈ ಬದಲಾಯಿಸಿದ ವರ್ಷ

ಮಾನ್‌ಸೊಕ್ ಎಂಬ ಹೆಸರಿನಲ್ಲಿ ಮಾನವೂ ಇದೆ, ಸೊಕ್ಕೂ ಇದೆ. ಊರವರನ್ನು ಕೇಳಿದರೆ ಎರಡನೆಯದಕ್ಕೇ ಒತ್ತು ಹೆಚ್ಚು ಎನ್ನುತ್ತಾರೆ. ಆದರೆ ಅವನದು ದುಡ್ಡಿನ ಸೊಕ್ಕಲ್ಲ, ಸೊಪ್ಪಿನ ಸೊಕ್ಕು. ಊರಲ್ಲಿ ಎಲ್ಲರಿಗಿಂತ ಮೊದಲು ಹಿಮ ಸರಿಸಿ ತಲೆಯೆತ್ತುವ ಬೆಳ್ಳುಳ್ಳಿ ಅವನ ಹಿತ್ತಲಿನದು. ಅವನ ಮೂಲಂಗಿಯನ್ನು ಎತ್ತಿಕೊಂಡು ನಿಂತರೆ ಕೂಸನ್ನು ಎತ್ತಿಕೊಂಡ ಹಾಗೆ ಕಾಣುತ್ತದೆ. ಕೋಳಿಗಳ ವಿಷಯ ಶುರುವಾದರೆ ಬಂದವರು ಬಸ್ಸು ತಪ್ಪಿಸಿಕೊಳ್ಳುತ್ತಾರೆ. ತಾತ ಕಟ್ಟಿದ ಮಣ್ಣಿನ ಮನೆ, ಅಂಗಳದ ಹಲಗೆ ಮಂಚ, ಅದಕ್ಕೆ ನೆರಳಾದ ಕಾಕಿ ಹಣ್ಣಿನ ಮರ, ಇಷ್ಟಿದ್ದರೆ ರಾಜನಿಗೂ ಸಾಕು ಎನ್ನುವುದು ಅವನ ಲೆಕ್ಕ.

ಹಿತ್ತಲಿನ ಬಿಸಿಲು ಮೂಲೆಯ ಜಾಡಿಕಟ್ಟೆ ಮಾತ್ರ ಹೆಂಡತಿ ಪಿಲ್ಯೆಯ ರಾಜ್ಯ. ಅಲ್ಲಿ ಮಣ್ಣಿನ ಜಾಡಿಗಳು ಕುಳ್ಳರು ಮುಂದೆ, ಉದ್ದದವರು ಹಿಂದೆ ಎಂದು ಗ್ರೂಪ್ ಫೋಟೋಕ್ಕೆ ನಿಂತಂತೆ ನಿಂತಿವೆ. ಎಲ್ಲಕ್ಕೂ ಹಿಂದಿನದು ಜಾಂಗ್ ಜಾಡಿ. ಸೋಯಾಕಾಳಿನಿಂದ ಇಳಿಯುವ ಆ ಕಪ್ಪು ರಸವಿಲ್ಲದೆ ಅವರ ಮನೆಯಲ್ಲಿ ಸಾರೂ ಇಲ್ಲ, ಪಲ್ಯವೂ ಇಲ್ಲ. ಅವರದು ಜೊಲ್ಲಾ ಸೀಮೆ. ಅಲ್ಲಿನ ಅಡುಗೆ ನೆನೆದರೆ ಉಳಿದ ಕೊರಿಯಾದವರ ಬಾಯಲ್ಲಿ ಹೆಸರಿಗೆ ತಕ್ಕಂತೆ ನೀರೂರುತ್ತದೆ. ಅಂಥ ಕಡೆ ಜಾಂಗ್ ಕೆಟ್ಟ ವರ್ಷ ಆ ಮನೆಯ ಹೆಂಗಸು ಬೀದಿಯಲ್ಲಿ ತಲೆ ತಗ್ಗಿಸಿ ನಡೆಯುತ್ತಾಳೆ. ಪಿಲ್ಯೆ ಒಮ್ಮೆಯೂ ಹಾಗೆ ನಡೆದವಳಲ್ಲ. ಅವಳ ಕೈರುಚಿ ಅಂಥದ್ದು.

ಆ ಕೈಯೇ ಈ ಸಲ ಕೈಕೊಟ್ಟಿತು. ಹೊಸ ವರ್ಷದ ಹಬ್ಬ ಮುಗಿದ ಮೇಲೆ ಒಂದು ಬೆಳಗ್ಗೆ ಜಾಡಿಯಿಂದ ಕಿಮ್ಚಿ ಉಪ್ಪಿನಕಾಯಿ ತೆಗೆಯಲು ಹೋದವಳು ಮಂಜುಗಡ್ಡೆಯ ಮೇಲೆ ಜಾರಿದಳು. ಬಟ್ಟಲು ಉಳಿಯಿತು, ಬಲಗೈ ಮಣಿಕಟ್ಟು ಮುರಿಯಿತು. ಸೋಯಾಕಾಳು ಬೇಯಿಸಿ ಕುಟ್ಟಿ ಕಟ್ಟಿದ ಮೆಜು ಇಟ್ಟಿಗೆಗಳು ಸೂರಿನಡಿ ನೇತಾಡಿ ಒಣಗಿ ತಯಾರಾಗಿದ್ದವು. ಪಂಚಾಂಗದಲ್ಲಿ ಜಾಂಗ್ ಹಾಕಲು ಶುಭವೆನ್ನುವ ಕುದುರೆ ದಿನ ಬಂದರೆ ಅವನ್ನು ಉಪ್ಪುನೀರಿಗೆ ಇಳಿಸಬೇಕು. ಪಿಲ್ಯೆಯ ಕೈಯೋ ಪ್ಲಾಸ್ಟರಿನೊಳಗೆ.

"ಒಂದು ವರ್ಷ ಅಂಗಡಿ ಬಾಟ್ಲಿ ತಂದ್ರಾಯ್ತು ಬಿಡಮ್ಮ," ಎಂದ ಮಾನ್‌ಸೊಕ್ ಊಟದ ಹೊತ್ತಿನಲ್ಲಿ.

ಅವನ ತಾಯಿ ಚಮಚ ಕೆಳಗಿಟ್ಟಳು. ಮುದುಕಿಯ ಮಂಡಿ ಸೋತಿದ್ದರೂ ನಾಲಿಗೆ ಸೋತಿರಲಿಲ್ಲ. ಅದು ಎರಡೂ ಅರ್ಥದಲ್ಲಿ ನಿಜ. "ಅಂಗಡೀದಾ? ನಾನ್ ಸತ್ತಮೇಲೆ ತಗೊಂಬಾ. ನನ್ನ ಎಡೆಗೆ ಮಾತ್ರ ಇಡ್ಬೇಡ. ಎದ್ದು ಬಂದ್ಬಿಡ್ತೀನಿ."

ಪಕ್ಕದ ಮನೆಯ ಗುಮ್‌ಸಿಲ್‌ಳ ತಾಯಿ ಬಂದು, "ಅಕ್ಕಾ, ನಾನೇ ಹಾಕ್ಕೊಡ್ತೀನಿ," ಎಂದಳು.

"ಬೇಡ ಕಣೇ," ಎಂದಳು ಪಿಲ್ಯೆ. "ನಿನ್ನ ಕೈ ಒಳ್ಳೇದೇ. ಆದ್ರೆ ನೀನು ಕೈ ಹಾಕಿದ್ರೆ ಅದು ನಿಮ್ಮನೆ ಜಾಂಗ್ ಆಗೋಗುತ್ತೆ."

ಅವಳು ಹೋದ ಮೇಲೆ ಪಿಲ್ಯೆ ಗೋಡೆಯ ಕಡೆ ಮುಖ ಮಾಡಿ ಕೂತಳು. ಮದುವೆಯಾಗಿ ಬಂದ ವರ್ಷದಿಂದ ಒಂದು ಸಲವೂ ತಪ್ಪಿಸಿದವಳಲ್ಲ. ಮಾನ್‌ಸೊಕ್ ಆ ಬೆನ್ನನ್ನು ಸ್ವಲ್ಪ ಹೊತ್ತು ನೋಡಿದ.

"ನಾನ್ ಹಾಕ್ತೀನಿ."

"ನೀವಾ? ಮನೇಲಿ ಉಪ್ಪೆಲ್ಲಿದೆ ಅಂತ ಗೊತ್ತಾ ನಿಮಗೆ?"

"ಕೈ ಹಿಡಿದೋನು ಕಣೇ. ಮುರಿದಾಗ ಬಿಟ್ಬಿಡಕ್ಕಾಗುತ್ತಾ?"

"ಮಾತಿಗೇನ್ ಕಮ್ಮಿ. ಹೋಗಿ, ಮೊದ್ಲು ಉಗುರು ಕತ್ತರಿಸ್ಕೊಂಡು ಬನ್ನಿ."

ಕುದುರೆ ದಿನ ಬಿಸಿಲು ಚೆನ್ನಾಗಿ ಬಿತ್ತು. ಪಿಲ್ಯೆ ರಜಾಯಿ ಹೊದ್ದು ಜಗಲಿಯಲ್ಲಿ ಕೂತು ಹುಕುಂ ಕೊಟ್ಟಳು. ಮುದುಕಿ ಬಾಗಿಲಲ್ಲಿ ಕೂತು ಅದಕ್ಕೆ ತಿದ್ದುಪಡಿ ಕೊಟ್ಟಳು. ಮಾನ್‌ಸೊಕ್ ಮೆಜು ಉಜ್ಜಿ ತೊಳೆದ, ಜಾಡಿಗೆ ಹುಲ್ಲಿನ ಹೊಗೆ ಹಿಡಿದ, ನೀರು ಹೊತ್ತ. ಮೋಟುಗೋಡೆಯ ಮೇಲಿಂದ ಗುಮ್‌ಸಿಲ್‌ಳ ತಾಯಿ ಇಣುಕಿದಳು.

"ಅಣ್ಣಾ, ಇವತ್ತು ಕುದುರೆ ದಿನ ಅಂದ್ಕೊಂಡಿದ್ದೆ. ನೀವು ನೋಡಿದ್ರೆ ಕತ್ತೆ ಚಾಕರಿ ಮಾಡ್ತಿದೀರಲ್ಲ!"

"ನೋಡ್ತಾ ಇರಮ್ಮ, ಮುಂದಿನ ವರ್ಷ ನಿನ್ ಗಂಡನ್ನ ಟ್ರೇನಿಂಗಿಗೆ ಕಳಿಸ್ತೀಯ."

ಉಪ್ಪುನೀರಿನ ಹದ ನೋಡುವುದು ಮೊಟ್ಟೆ ತೇಲಿಸಿ. ನೀರಿನ ಮೇಲೆ ಅದು ಐನೂರು ವಾನ್ ನಾಣ್ಯದಗಲ ಬೆನ್ನು ತೋರಿಸಿದರೆ ಹದ ಸರಿ. ಇಂಥ ದಿನಕ್ಕೆ ಎಂಥದೋ ಮೊಟ್ಟೆ ಸಲ್ಲದು ಎಂದು ಮಾನ್‌ಸೊಕ್ ಅಕ್ಕಿಪೆಟ್ಟಿಗೆಯಿಂದ ತನ್ನ ಹೆಮ್ಮೆಯ ಮೊಟ್ಟೆಯನ್ನೇ ತಂದ. ಅದು ಕೆಂಪು ಕೋಳಿ ಚಳಿಗಾಲದ ಮೊದಲಲ್ಲಿ ಇಟ್ಟದ್ದು. ಬಾತುಕೋಳಿಯದಾ ಎಂದು ಜನ ಕೇಳಬೇಕು, ಅಷ್ಟು ದೊಡ್ಡದು. ಬಂದವರಿಗೆ ತೋರಿಸಲೆಂದೇ ಅದನ್ನು ಕಾಪಾಡಿಕೊಂಡಿದ್ದ. ನೀರಿಗೆ ಬಿಟ್ಟೊಡನೆ ಅದು ಎದೆಯುಬ್ಬಿಸಿ ತೇಲಿತು.

"ನೋಡಿ, ನಾಣ್ಯದಗಲ! ಗೀಟು ಹಾಕಿದ ಹಾಗೆ!"

ಪಿಲ್ಯೆ ಮೊಟ್ಟೆ ನೋಡಲಿಲ್ಲ, ಉಪ್ಪಿನ ಮೂಟೆ ನೋಡಿದಳು. "ಅರ್ಧ ಮೂಟೆ ಹಾಗೇ ಇದೆ. ಯಾವ ಮೊಟ್ಟೆ ಅದು?"

"ಕೋಳೀದು."

"ಯಾವತ್ತಿಂದು?"

ಮಾನ್‌ಸೊಕ್ ಮಾತು ತೇಲಿಸಲು ನೋಡಿದ. ತೇಲಿದ್ದು ಮೊಟ್ಟೆ ಮಾತ್ರ.

"ಹಳೇ ಮೊಟ್ಟೆ ಎಂಥ ಸಪ್ಪೆ ನೀರಲ್ಲೂ ಎದ್ದು ಕೂರುತ್ತೆ ಕಣೋ," ಎಂದಳು ಮುದುಕಿ ಬಾಗಿಲಿನಿಂದ. "ಒಳಗೆಲ್ಲ ಗಾಳಿ. ನಿನ್ ಥರಾನೇ."

ಗೋಡೆಯಾಚೆ ಗುಮ್‌ಸಿಲ್‌ಳ ತಾಯಿ ನಕ್ಕು ನಕ್ಕು ಗೋಡೆ ಹಿಡಿದುಕೊಂಡಳು. ಗೂಡಿನಿಂದ ಬೆಳಗಿನ ಬಿಸಿ ಮೊಟ್ಟೆ ಬಂತು. ನೀರಿಗೆ ಬಿಟ್ಟರೆ ಕಲ್ಲಿನಂತೆ ತಳ ಸೇರಿತು. ಪಿಲ್ಯೆ ಮಾತ್ರ ನಗಲಿಲ್ಲ. "ಹಾಗೇ ಸುರಿದಿದ್ರೆ ಮಳೆಗಾಲಕ್ಕೆ ಹುಳ ಆಗ್ತಿತ್ತು," ಎಂದು ಮೆಲ್ಲಗೆ ಹೇಳಿದಳು. ಅದು ಅವನಿಗೆ ನಗುವಿಗಿಂತ ಹೆಚ್ಚು ತಾಗಿತು. ಹೊಸ ಮೊಟ್ಟೆ ಬೆನ್ನು ತೋರಿಸುವವರೆಗೆ ಉಪ್ಪು ಕರಗಿಸಿದ. ಆಮೇಲೆ ಹೆದರಿಕೆಯಿಂದ ಯಾರಿಗೂ ಕಾಣದಂತೆ ಇನ್ನೊಂದು ಬೊಗಸೆ ಹಾಕಿದ. ಮೆಜು ಇಳಿಸಿ, ಕೆಂಡದ ಇದ್ದಿಲು, ಒಣಮೆಣಸು ಬಿಟ್ಟ. ಕೆಟ್ಟದ್ದು ಒಳಗೆ ಹೋಗದಂತೆ ವಾಡಿಕೆಯಂತೆ ಬಿಳಿ ಕಾಗದದಲ್ಲಿ ಕಾಲುಚೀಲದ ಆಕಾರ ಕತ್ತರಿಸಿ ಜಾಡಿಯ ಹೊಟ್ಟೆಗೆ ತಲೆಕೆಳಗಾಗಿ ಅಂಟಿಸಿದ. ಕೈಕೆಲಸದಲ್ಲಿ ಕಾಲಿಗೂ ಪಾಲು ಸಿಕ್ಕಿತು.

ಅಲ್ಲಿಂದ ಅವನ ಬಾಳು ಜಾಡಿಯ ಮುಚ್ಚಳಕ್ಕೆ ಗಂಟುಬಿತ್ತು. ಬಿಸಿಲಿಗೆ ತೆರೆಯಬೇಕು, ಸಂಜೆಗೆ ಮುಚ್ಚಬೇಕು. ಊರ ಭವನದಲ್ಲಿ ಇಸ್ಪೀಟು ಎಲೆಯಾಡುತ್ತಿದ್ದವನು, ಕೈಯಲ್ಲಿ ಎಂಥ ಎಲೆ ಬಿದ್ದಿದ್ದರೂ, ಮೋಡ ಕಂಡರೆ ಎದ್ದು ಓಡುತ್ತಿದ್ದ. "ಏನಪ್ಪ, ಮನೇಲಿ ಬಾಣಂತಿ ಇದಾಳಾ?" ಎಂದು ಜೊತೆಯವರು ಕೂಗುತ್ತಿದ್ದರು. ಕೈಯ ಪ್ಲಾಸ್ಟರ್ ಬಿಚ್ಚಿದ ಮೇಲೂ ಪಿಲ್ಯೆ ಜಾಡಿಯ ಹತ್ತಿರ ಹೋಗಲಿಲ್ಲ. ಏನಾಗಿದೆ ಎಂದು ಕೇಳಲೂ ಇಲ್ಲ. ಕೇಳದಿದ್ದುದೇ ಅವನ ನಿದ್ದೆ ಕೆಡಿಸಿತು.

ಮೆಣಸಿನ ಸಸಿ ನೆಡುವ ಭಾನುವಾರ ಮಗಳು ಯೊನ್‌ಹ್ವಾ ಗಂಡ ಮಕ್ಕಳೊಂದಿಗೆ ಬಂದಳು. ಸಾಲು ಮುಗಿಸಿ, ಕೈಯ ಮಣ್ಣು ತೊಳೆದು, ಎಲ್ಲರೂ ಮರದಡಿಯ ಮಂಚದ ಮೇಲೆ ಊಟಕ್ಕೆ ಕೂತರು. ಬಿಸಿ ಅನ್ನ, ಹಿತ್ತಲಿನ ಲೆಟ್ಯೂಸ್, ಎಳೆ ಈರುಳ್ಳಿ, ತೋಫು. ನಡುವೆ ಬಿಳಿ ಬಟ್ಟಲಲ್ಲಿ ಹೊಸ ಜಾಂಗ್. ಯಾರೂ ಕೈ ಹಾಕಲಿಲ್ಲ. ಪಿಲ್ಯೆ ಬಲಗೈಯಲ್ಲಿ ಚಮಚ ಹಿಡಿದು ತುದಿ ಅದ್ದಿ ನಾಲಿಗೆಗೆ ಮುಟ್ಟಿಸಿ ಕಣ್ಣು ಮುಚ್ಚಿದಳು. ಮಾನ್‌ಸೊಕ್ ಮುಂದೆ ಬಾಗಿ ಅವಳ ಮುಖ ನೋಡಿದ.

"ಉಪ್ಪು ಒಂಚೂರು ಮುಂದೆ."

ಅವನ ಮುಖ ಇಳಿಯಿತು. ಮುದುಕಿ ತಾನೂ ಅದ್ದಿ ನೆಕ್ಕಿದಳು, ಇನ್ನೊಮ್ಮೆ ನೆಕ್ಕಿದಳು, ಬಟ್ಟಲನ್ನೇ ಹತ್ತಿರ ಎಳೆದುಕೊಂಡಳು. "ಉಪ್ಪು ಬೇಸಗೇಲಿ ಮೆತ್ತಗಾಗುತ್ತೆ. ಯೊನ್‌ಹ್ವಾ, ಇನ್ನೊಂದಿಷ್ಟು ಅನ್ನ ಹಾಕೇ."

ಪಿಲ್ಯೆ ಎದ್ದು ಜಾಡಿಕಟ್ಟೆಗೆ ಹೋದಳು. ಇನ್ನೊಂದು ಬಟ್ಟಲಿಗೆ ಅಂಚಿನವರೆಗೆ ಜಾಂಗ್ ತುಂಬಿ, ಬಲಗೈಯಲ್ಲೇ ಎತ್ತಿ ಹಿಡಿದು, ಗೇಟು ದಾಟಿದಳು. ಪಕ್ಕದ ಮನೆಗೆ ಮೋಟುಗೋಡೆಯ ಮೇಲಿಂದಲೇ ಕೊಡಬಹುದಿತ್ತು. ಅವಳು ಬೀದಿ ಸುತ್ತಿ, ಊರ ಭವನದ ಮುಂದಿನಿಂದಲೇ ನಡೆದಳು. ನಡುನಡುವೆ ನಿಂತಳು ಕೂಡ.

ಕಡೆಗೆ ಗೋಡೆಯಾಚೆ ಅವಳ ದನಿ ಕೇಳಿಸಿತು. "ಗುಮ್‌ಸಿಲಮ್ಮಾ, ಬಾರೇ ಇಲ್ಲಿ, ಬಾಯ್ ತೆಗಿ. ನಮ್ಮನೇದು. ನಮ್ಮೆಜಮಾನ್ರೇ ಹಾಕಿದ್ದು. ಉಪ್ಪು ಒಂಚೂರು ಮುಂದೆ. ಧಾರಾಳ ಕೈ ನೋಡು ಅವರ್ದು!"

"ಅಪ್ಪಾ, ನಮಗೂ ಒಂದು ಬಾಟ್ಲಿ..." ಎಂದು ಯೊನ್‌ಹ್ವಾ ಬಾಯಿ ತೆರೆದಳು.

"ಶ್, ಸುಮ್ನಿರೇ," ಎಂದ ಮಾನ್‌ಸೊಕ್, ಕಿವಿಯವರೆಗೂ ಕೆಂಪಾಗಿ. "ಇನ್ನೂ ಹೇಳ್ತಾ ಇದಾಳೆ."