ನೀಲಕ್ಕ ಹಡಗು ಹತ್ತಿದ್ದು

ನಮ್ಮ ಬೀದಿಯ ಕೊನೆಯಲ್ಲಿ, ನೀರಿನ ತೊಟ್ಟಿಯ ಪಕ್ಕದಲ್ಲಿ, ತಗಡು ಹೊದಿಸಿದ ಒಂದು ಬಣ್ಣದ ಮನೆ ಇದೆ. ಬಣ್ಣದ ಮನೆಯೆಂದರೆ ಗೋಡೆಗೆ ಬಣ್ಣ ಬಳಿದ ಮನೆಯಲ್ಲ. ನೂಲಿಗೂ ಬಟ್ಟೆಗೂ ಬಣ್ಣ ಹಾಕುವ ಜಾಗ. ಗೋಡೆಗಳು ಹಬೆಗೆ ಕಪ್ಪಾಗಿವೆ. ಅದನ್ನು ನಡೆಸುವವರನ್ನು ಎಲ್ಲರೂ ನೀಲಕ್ಕ ಎಂದು ಕರೆಯುತ್ತಾರೆ. ಹೆತ್ತವರು ಇಟ್ಟ ಹೆಸರು ಬೇರೆ. ಬೀದಿಯ ಮಕ್ಕಳು ಅವರ ಕೈ ನೋಡಿ ಇದನ್ನು ಇಟ್ಟರು, ಅದೇ ನಿಂತಿತು. ಗಂಡ ತೀರಿಕೊಂಡ ಮೇಲೆ ಹಂಡೆಗಳನ್ನು ತಾವೇ ವಹಿಸಿಕೊಂಡ ನೀಲಕ್ಕನಿಗೆ ಹೆಚ್ಚಾಗಿ ಬರುತ್ತಿದ್ದುದು ಸಮವಸ್ತ್ರದ ಬಟ್ಟೆ, ಸಮವಸ್ತ್ರವೆಂದರೆ ಕಡುನೀಲಿ. ಹೀಗಾಗಿ ಅವರ ಕೈಗಳು ಮೊಣಕೈವರೆಗೆ ನೀಲಿ. ಉಗುರಂತೂ ಶಾಯಿಯಲ್ಲಿ ಅದ್ದಿ ತೆಗೆದ ಹಾಗೆ.

ನೀಲಕ್ಕನ ಕೆಲಸಕ್ಕೆ ಒಂದು ಕಟ್ಟಳೆ ಇತ್ತು. ಬಟ್ಟೆಯನ್ನು ಗಿರಾಕಿಯ ಕೈಗೆ ಕೊಡುವ ಮೊದಲು ಒಂದು ಬಿಳಿಯ ಚಿಂದಿಯನ್ನು ಒದ್ದೆ ಮಾಡಿ, ಬಟ್ಟೆಯ ಮೇಲೆ ಬಲವಾಗಿ ಉಜ್ಜಿ, ಬೆಳಕಿಗೆ ಹಿಡಿದು ತೋರಿಸುತ್ತಿದ್ದರು. ಚಿಂದಿ ಬೆಳ್ಳಗಿದ್ದರೆ ಬಟ್ಟೆ ಹೊರಕ್ಕೆ. ಚೂರು ನೀಲಿ ಕಂಡರೂ ಮತ್ತೆ ಹಂಡೆಯೊಳಕ್ಕೆ. ಒಮ್ಮೆ ಯಾರೋ ಅವಸರದ ಗಿರಾಕಿ, "ಮೇಲೆ ಮೇಲೆ ಬಳಿದು ಕೊಟ್ಟುಬಿಡಿ ಅಕ್ಕ, ಒಂದು ದಿನಕ್ಕೆ ಸಾಕು" ಎಂದದ್ದಕ್ಕೆ, "ಬಳಿಯೋಕೆ ಇದೇನು ಗೋಡೆನಾ? ಸುಣ್ಣದವನ ಹತ್ರ ಹೋಗಪ್ಪ" ಎಂದು ಕಳಿಸಿದ್ದನ್ನು ನಾನೇ ಕೇಳಿದ್ದೇನೆ.

ಅವರಿಗೆ ಒಬ್ಬಳೇ ಮಗಳು. ನನ್ನ ತರಗತಿಯಲ್ಲಿ ಕೂತು ವ್ಯಾಕರಣ ಕಲಿತವಳು. ಈಗ ಬೇರೆ ಪಟ್ಟಣದಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ. ಅವಳೂ ಅಳಿಯನೂ ಸೇರಿ ಹಿಂದಿನ ವರ್ಷ ಒಂದು ಯೋಚನೆ ಮಾಡಿದರು: ಎರಡು ಕಡೆಯ ಅಮ್ಮಂದಿರನ್ನೂ ಬೆಚ್ಚನೆಯ ಸಮುದ್ರದ ಮೇಲೆ ಒಂದು ವಾರ ಹಡಗಿನಲ್ಲಿ ಸುತ್ತಿಸಿಕೊಂಡು ಬರುವುದು. ಬೀಗಿತ್ತಿಯರಿಬ್ಬರಿಗೂ ಸೇರಿ ಒಂದೇ ಕೋಣೆ.

ಬೀಗಿತ್ತಿ ಅಂಚೆ ಕಚೇರಿಯ ಕೌಂಟರಿನಲ್ಲಿ ಪಾರ್ಸೆಲ್ ತೂಗಿ ನಿವೃತ್ತರಾದವರು. ಗಟ್ಟಿ ದನಿ, ಇಸ್ತ್ರಿ ಹಾಕಿದ ಬಟ್ಟೆ, ಎಲ್ಲವೂ ಅಚ್ಚುಕಟ್ಟು. ಮದುವೆಯ ದಿನ ನೀಲಕ್ಕ ಅವರೆದುರು ಕೈಯನ್ನು ಶಾಲಿನೊಳಗೇ ಇಟ್ಟುಕೊಂಡು ದಿನ ಕಳೆದಿದ್ದರು. ಒಂದು ದಿನವಾದರೆ ಶಾಲು ಸಾಕು. ಒಂದು ವಾರ, ಒಂದೇ ಕೋಣೆ, ಒಂದೇ ಊಟದ ಮೇಜು, ಅದೂ ಸೆಕೆಯ ದೇಶದಲ್ಲಿ ಶಾಲು ಹೊದೆಯುವುದು ಹೇಗೆ?

ಹೊರಡಲು ತಿಂಗಳಿದೆ ಎನ್ನುವಾಗ ಮಗಳು ಬಂದಳು. ನಾನು ಆ ಹೊತ್ತಿಗೆ ಅಂಗಿಯೊಂದಕ್ಕೆ ಬಣ್ಣ ಹಾಕಿಸಲು ಅಲ್ಲೇ ಬೆಂಚಿನ ಮೇಲೆ ಕೂತಿದ್ದೆ. ಚೀಲದಿಂದ ಒಂದೊಂದೇ ಸೀಸೆ ತೆಗೆದು ಮೇಜಿನ ಮೇಲಿಟ್ಟಳು.

"ಇದು ರಾತ್ರಿ ಹಚ್ಕೊಳ್ಳೋದು, ಚರ್ಮ ಮೆತ್ತಗಾಗುತ್ತೆ. ಇದು ಸನ್‌ಸ್ಕ್ರೀನ್, ಬಿಸಿಲಿಗೆ ಹೋಗೋ ಮುಂಚೆ. ಹಡಗಿನ ಮೇಲೆ ನೆರಳಲ್ಲಿದ್ರೂ ನೀರಿನ ಝಳಕ್ಕೆ ಮುಖ ಸುಡುತ್ತಮ್ಮ. ಈಗಿಂದ್ಲೇ ಶುರು ಮಾಡ್ಕೊ."

"ಮದುವೆ ಹೆಣ್ಣು ನಾನೋ ನೀನೋ?" ಎಂದು ನೀಲಕ್ಕ ನಕ್ಕರು.

ಮಗಳು ನಗಲಿಲ್ಲ. ಸೀಸೆಯ ಮುಚ್ಚಳ ತಿರುಗಿಸುತ್ತಾ ಹೇಳಿದಳು: "ಮತ್ತೆ... ಒಂದೆರಡು ವಾರ ಹಂಡೆ ಕೆಲಸ ಬಿಟ್ಟುಬಿಡು. ಕೈ ತಾನಾಗೇ ತಿಳಿ ಆಗುತ್ತೆ. ಊಟದ ಮೇಜಿನ ಹತ್ರ ಎಲ್ಲರ ಕಣ್ಣೂ ಕೈ ಮೇಲೇ ಇರುತ್ತೆ ನೋಡು."

ನೀಲಕ್ಕ ಕೈಗಳನ್ನು ಮಡಿಲಿಗೆ ಎಳೆದುಕೊಂಡರು. "ಆಯ್ತು ಬಿಡು" ಎಂದರು. ಅಷ್ಟೇ. ಆದರೆ ಆ ಮಾತು ಎಲ್ಲಿಗೆ ಹೋಗಿ ಕೂತಿತೆಂದು ಅವರ ಮುಖ ನೋಡಿದವರಿಗೆ ಗೊತ್ತಾಗುತ್ತಿತ್ತು.

ಹೊಸ ಸೂಟ್‌ಕೇಸ್ ಕೊಡಿಸುತ್ತೇನೆಂದು ಮಗಳು ಹೇಳಿದಾಗ ಮಾತ್ರ ನೀಲಕ್ಕ ಪಟ್ಟು ಹಿಡಿದರು. "ನಿಮ್ಮಪ್ಪಂದು ಇದೆ. ಗಟ್ಟಿಮುಟ್ಟಾಗಿದೆ. ಅದನ್ನೇ ಹೊಸದು ಮಾಡ್ಕೋತೀನಿ."

ಅಟ್ಟದಿಂದ ಇಳಿದ ಪೆಟ್ಟಿಗೆ ಗಟ್ಟಿಯಾಗಿತ್ತು ನಿಜ. ರಟ್ಟಿನ ಮೈ, ಮೇಲೆ ದಪ್ಪ ಹತ್ತಿಯ ಹೊದಿಕೆ. ಆದರೆ ಬಣ್ಣ ಹೋಗಿ ಹಳೆಯ ನೆಲ ಒರೆಸುವ ಬಟ್ಟೆಯ ಹಾಗಿತ್ತು. ಒಂದು ಮಧ್ಯಾಹ್ನ ನಾನು ಹೋದಾಗ ನೀಲಕ್ಕ ಕುಂಚ ಹಿಡಿದು ಅದಕ್ಕೆ ಕಡುನೀಲಿ ಬಳಿಯುತ್ತಿದ್ದರು. ಹೌದು, ಬಳಿಯುತ್ತಿದ್ದರು! ರಟ್ಟಿನ ಪೆಟ್ಟಿಗೆಯನ್ನು ಹಂಡೆಯಲ್ಲಿ ಕುದಿಸುವ ಹಾಗಿಲ್ಲ, ತೊಟ್ಟಿಯಲ್ಲಿ ಜಾಲಿಸುವ ಹಾಗೂ ಇಲ್ಲ. ನನ್ನನ್ನು ಕಂಡು, "ಏನೂ ಕೇಳ್ಬೇಡಿ ಮೇಷ್ಟ್ರೇ" ಎಂದು ಬೆನ್ನು ತಿರುಗಿಸಿದರು. ಒಣಗಿದ ಮೇಲೆ ಪೆಟ್ಟಿಗೆ ಅಂಗಡಿಯಿಂದ ಈಗ ತಾನೇ ತಂದಂತೆ ಮಿಂಚಿತು. ಬಿಳಿಯ ಚಿಂದಿಗಳ ಗಂಟು ಪಕ್ಕದ ಮೊಳೆಗೇ ತೂಗುತ್ತಿತ್ತು. ನೀಲಕ್ಕ ಅದರತ್ತ ಕೈ ಚಾಚಲಿಲ್ಲ. ಚಿಂದಿ ಏನು ಹೇಳುತ್ತದೆಂದು ಅವರಿಗೆ ಮೊದಲೇ ತಿಳಿದಿತ್ತು.

ಹಂಡೆ ಕೆಲಸ ಬಿಡುವುದೂ ಆಗಲಿಲ್ಲ. ಶಾಲೆಗಳು ತೆರೆಯುವ ಕಾಲ. ಒಪ್ಪಿಕೊಂಡ ಬಟ್ಟೆ ರಾಶಿ ಬಿದ್ದಿತ್ತು. ಹೊರಡುವ ಹಿಂದಿನ ದಿನದವರೆಗೂ ಕೈ ನೀಲಿಯಲ್ಲೇ. ಮಗಳು ತಂದಿಟ್ಟ ರಾತ್ರಿಯ ಕ್ರೀಮನ್ನು ಹಚ್ಚಿಕೊಂಡರು. ನೀಲಿ ಕೈ ಮೆತ್ತಗಾಯಿತು, ಬೆಳ್ಳಗಾಗಲಿಲ್ಲ. ನಿಂಬೆಹಣ್ಣು ಉಜ್ಜಿದರು, ಕಲ್ಲು ಉಜ್ಜಿದರು. ಕೊನೆಗೆ ಹೊರಡುವ ಹಿಂದಿನ ರಾತ್ರಿ ಕಪಾಟಿನಿಂದ ಬಣ್ಣ ಕೀಳುವ ಪುಡಿಯನ್ನು ತೆಗೆದರು. ಬಣ್ಣ ಕೆಟ್ಟ ಬಟ್ಟೆಯನ್ನು ಮತ್ತೆ ಬಿಳಿ ಮಾಡಲು ಬಳಸುವ ಪುಡಿ ಅದು. ಕೋಲಿನಿಂದ ಕಲಕಬೇಕು, ಬೆರಳು ತಾಗಿಸಬಾರದು. ಬಿಸಿನೀರಿಗೆ ಹಾಕಿ ಅದರಲ್ಲಿ ಎರಡೂ ಕೈ ಮುಳುಗಿಸಿದರು.

ನೀಲಿ ಹೋಯಿತು. ಅದರ ಜೊತೆಗೆ ಮೇಲುಚರ್ಮವೂ ಹೋಯಿತು. ಬೆಳಗಾಗುವಷ್ಟರಲ್ಲಿ ಕೈಗಳು ಕೆಂಪಗೆ ಊದಿ, ಬೆರಳ ಸಂದುಗಳು ಬಿರಿದಿದ್ದವು. ಅದರ ಮೇಲೆ ಬಿಳಿಯ ಹತ್ತಿಯ ಕೈಗವಸು ಏರಿಸಿಕೊಂಡು ನೀಲಕ್ಕ ಬಂದರಿಗೆ ಹೋದರು.

ಮುಂದಿನದನ್ನು ಅರ್ಧ ಅವರೇ ಹೇಳಿದ್ದು, ಅರ್ಧ ಮಗಳು ಹೇಳಿದ್ದು.

ಬೀಗಿತ್ತಿ ಕಂಡ ಕೂಡಲೇ, "ಏನು ಬೀಗಿತ್ತಿ, ಗ್ಲೌಸ್ ಹಾಕ್ಕೊಂಡು ರಾಣಿ ಥರ ಬಂದಿದ್ದೀರಿ!" ಎಂದರು.

"ಬಿಸಿಲು ಆಗಲ್ಲ ನನಗೆ" ಎಂದರು ನೀಲಕ್ಕ. ಬೇಸಿಗೆಯಿಡೀ ಹಂಡೆಯ ಬೆಂಕಿಯ ಮುಂದೆ ನಿಲ್ಲುವವರ ಮಾತು ಅದು. ಮಗಳು ಕೈಗವಸನ್ನೊಮ್ಮೆ ನೋಡಿ, ಪೆಟ್ಟಿಗೆಗಳ ಕಡೆ ತಿರುಗಿದಳು.

ಹಡಗಿಗೆ ದೊಡ್ಡ ಪೆಟ್ಟಿಗೆಗಳನ್ನು ಪ್ರಯಾಣಿಕರು ಹೊತ್ತೊಯ್ಯುವ ಹಾಗಿಲ್ಲ. ಬಂದರಿನಲ್ಲೇ ಒಪ್ಪಿಸಬೇಕು, ಸಂಜೆಯ ಹೊತ್ತಿಗೆ ಅವು ಕೋಣೆಯ ಬಾಗಿಲಿಗೆ ಬಂದು ಕೂರುತ್ತವೆ. ಅಲ್ಲಿಯವರೆಗೆ ಬೇಕಾಗುವ ಔಷಧಿ, ಒಂದು ಜೊತೆ ಬಟ್ಟೆ ಕೈಚೀಲದಲ್ಲಿರಬೇಕು. ಇದನ್ನೆಲ್ಲ ಮಗಳು ಮೊದಲೇ ಹೇಳಿಕೊಟ್ಟಿದ್ದಳು. ಪೆಟ್ಟಿಗೆ ಹೊರುವ ಮನುಷ್ಯ ಬೀಗಿತ್ತಿಯ ಕೆನೆಬಣ್ಣದ ಹೊಚ್ಚಹೊಸ ಸೂಟ್‌ಕೇಸನ್ನು ಗಾಡಿಯ ಮೇಲೆ ಮಲಗಿಸಿ, ಅದರ ಮೇಲೆ ನೀಲಕ್ಕನದನ್ನು ಇಟ್ಟ. ಅಷ್ಟರಲ್ಲಿ ಸಣ್ಣಗೆ ಮಳೆ ಹನಿಯಿತು. ಗಾಡಿ ಬಯಲಿನಲ್ಲೇ ನಿಂತಿತ್ತು. ಸಾಲಿನಲ್ಲಿ ಮುಂದೆ ಸರಿಯುತ್ತಾ ನೀಲಕ್ಕ ಹಿಂದಿರುಗಿ ಹಿಂದಿರುಗಿ ನೋಡಿದರು.

"ಏನತ್ತೆ, ಏನಾದ್ರೂ ಮರೆತ್ರಾ?" ಎಂದು ಅಳಿಯ ಕೇಳಿದ.

"ಇಲ್ಲಪ್ಪ."

ಸಂಜೆ ಕೋಣೆಯ ಬಾಗಿಲು ತೆರೆದಾಗ ಎರಡೂ ಪೆಟ್ಟಿಗೆಗಳು ಹೊರಗಿದ್ದವು. ಕೆನೆಬಣ್ಣದ್ದರ ಮೈಮೇಲೆ ನೀಲಿಯ ಪಟ್ಟೆಗಳು ಇಳಿದು, ಮೂಲೆಗಳಲ್ಲಿ ಮಡುಗಟ್ಟಿ, ಹೊಲಿಗೆಯ ಉದ್ದಕ್ಕೂ ಹರಿದಿದ್ದವು. ನೀಲಕ್ಕನದು ಅಲ್ಲಲ್ಲಿ ಬೋಳಾಗಿತ್ತು.

ಬೀಗಿತ್ತಿಯ ಕೂಗಿಗೆ ಎದುರು ಕೋಣೆಯಿಂದ ಮಗಳು, ಅಳಿಯ ಓಡಿ ಬಂದರು. ಪೆಟ್ಟಿಗೆ ತಂದಿಟ್ಟ ಮನುಷ್ಯ ಇನ್ನೂ ಕೋಣೆಗಳ ನಡುವಿನ ಓಣಿಯಲ್ಲೇ ಇದ್ದ. ಕರೆಸಿದರು.

"ಏನ್ರೀ ಇದು? ಎಲ್ಲಿ ಎಸೆದಿದ್ರಿ ಇದನ್ನ? ಯಾವ ಎಣ್ಣೆ, ಯಾವ ಪೇಂಟು ಚೆಲ್ಲಿದ್ರಿ?"

"ಅಮ್ಮಾ, ನಾನೇನೂ ಚೆಲ್ಲಿಲ್ಲಮ್ಮ. ಗಾಡಿಯಿಂದ ಸೀದಾ ತಂದಿಟ್ಟೆ."

"ಅಂಚೆ ಕಚೇರೀಲಿ ನಾನು ಕಾಣದ ಪಾರ್ಸೆಲ್ಲಾ? ಹಾಳು ಮಾಡಿದವರೆಲ್ಲ ಇದೇ ಮಾತು ಹೇಳೋದು! ಪಾಪ, ನಮ್ಮ ಬೀಗಿತ್ತಿದೂ ಹಾಳಾಗಿದೆ ನೋಡಿ. ಕರೀರಿ ನಿಮ್ಮ ಮೇಲಿನವರನ್ನ."

ಆ ಮನುಷ್ಯನ ಮುಖ ಸಣ್ಣದಾಯಿತು. ಮೇಲಿನವರು ಎಂದ ಕೂಡಲೇ ಟೋಪಿ ತೆಗೆದು ಕೈಯಲ್ಲಿ ಹಿಡಿದ. "ಅಮ್ಮಾ, ಬೇಡಮ್ಮ. ಕೆಲಸಕ್ಕೆ ಸೇರಿ ಇನ್ನೂ ಸ್ವಲ್ಪ ದಿನ ಆಗಿದೆ ಅಷ್ಟೇ. ನಾನೇ ತೊಳ್ಕೊಡ್ತೀನಿ."

ತನ್ನದಲ್ಲದ ತಪ್ಪನ್ನು ಅವನು ತೊಳೆಯುತ್ತೇನೆಂದ. ನೀಲಕ್ಕ ಗೋಡೆಗೆ ಒರಗಿ ನಿಂತಿದ್ದರು. ಸುಮ್ಮನಿದ್ದರೆ ಸಾಕಾಗಿತ್ತು. ಬೀಗಿತ್ತಿಗೆ ಅನುಮಾನವೇ ಇರಲಿಲ್ಲ. ಕೈಗವಸಿನೊಳಗಿನ ಕೈಯೂ, ಮಗಳ ಮಾನವೂ ಹಾಗೇ ಉಳಿಯುತ್ತಿದ್ದವು. "ಆವಾಗ ನಾಲಿಗೆ ಅಂಟಿಕೊಂಡ್ಬಿಟ್ಟಿತ್ತು ಮೇಷ್ಟ್ರೇ" ಎಂದು ಆಮೇಲೆ ನನಗೆ ಹೇಳಿದರು. "ಬಾಯಲ್ಲಿ ಹೇಳೋಕೆ ಆಗ್ಲೇ ಇಲ್ಲ."

ಬಾಯಲ್ಲಿ ಹೇಳಲಿಲ್ಲ. ಬಲಗೈಯ ಗವಸನ್ನು ಎಳೆದು ತೆಗೆದರು. ಅದು ಚರ್ಮಕ್ಕೆ ಅಂಟಿಕೊಂಡಿತ್ತು. ಬರುವಾಗ ನೋವಿಗೆ ಕಣ್ಣು ಮುಚ್ಚಿದರು. ಕೋಣೆಯೊಳಗೆ ಮೇಜಿನ ಮೇಲಿದ್ದ ಲೋಟದ ನೀರಿನಲ್ಲಿ ಅದನ್ನು ಅದ್ದಿದರು. ಮೊಣಕಾಲೂರಿ, ಗಿರಾಕಿಯ ಮುಂದೆ ಮಾಡುವಂತೆಯೇ, ತಮ್ಮ ಪೆಟ್ಟಿಗೆಯ ಮೇಲೆ ಒಮ್ಮೆ ಬಲವಾಗಿ ಉಜ್ಜಿ, ದೀಪದ ಬೆಳಕಿಗೆ ಹಿಡಿದರು.

ಬಿಳಿಯ ಗವಸು ಪೂರಾ ನೀಲಿಯಾಗಿತ್ತು.

"ನಂದೇ" ಎಂದರು. "ಮೇಲೆ ಬಳಿದಿದ್ದು. ನಿಲ್ಲಲ್ಲ ಅಂತ ನನಗೆ ಗೊತ್ತಿತ್ತು. ಅವರನ್ನ ಬಿಟ್ಟುಬಿಡಿ."

ಯಾರೂ ಗವಸನ್ನು ನೋಡುತ್ತಿರಲಿಲ್ಲ. ಅದನ್ನು ಹಿಡಿದ ಕೈಯನ್ನು ನೋಡುತ್ತಿದ್ದರು.

"ಅಮ್ಮ, ಇದೇನು ಮಾಡ್ಕೊಂಡಿದ್ದೀಯ?" ಎಂದಳು ಮಗಳು.

"ನೀನೇ ಹೇಳಿದ್ದಲ್ವೇನೆ, ಎಲ್ಲರ ಕಣ್ಣೂ ಕೈ ಮೇಲಿರುತ್ತೆ ಅಂತ" ಎಂದುಬಿಟ್ಟರು ನೀಲಕ್ಕ. ಚುಚ್ಚಬೇಕೆಂದು ಆಡಿದ ಮಾತಲ್ಲ. ಆದರೆ ಅತ್ತೆಯ ಮುಂದೆ, ಗಂಡನ ಮುಂದೆ ಬಿತ್ತು. ಮಗಳು ಗೋಡೆಯ ಕಡೆ ತಿರುಗಿ ನಿಂತಳು. ಪೆಟ್ಟಿಗೆ ಹೊರುವ ಮನುಷ್ಯ ಟೋಪಿ ಹಾಕಿಕೊಂಡು ಮೆಲ್ಲಗೆ ಜಾರಿಕೊಂಡ. ಅವನ ಹಿಂದೆಯೇ ನೀಲಕ್ಕ ಓಣಿಯ ಕೊನೆಯವರೆಗೆ ಹೋಗಿ, "ತಪ್ಪಾಯ್ತಪ್ಪ" ಎಂದು ಬಂದರು.

ಬೀಗಿತ್ತಿ ಕೈಚೀಲದಿಂದ ಸುಟ್ಟಗಾಯದ ಮುಲಾಮು ತೆಗೆದು, "ಕೈ ಕೊಡಿ ಇಲ್ಲಿ" ಎಂದರು. ನೀಲಕ್ಕ ಕೊಡಲಿಲ್ಲ. "ಕೊಡಿ ಅಂದ್ರೆ! ನನ್ನ ಪೆಟ್ಟಿಗೆ ಹಾಳು ಮಾಡಿದ್ದಾಯ್ತು, ಈಗ ನನ್ನ ನಿದ್ದೆನೂ ಹಾಳು ಮಾಡ್ತೀರಾ?"

ಬೀಗಿತ್ತಿ ಬೈದಿದ್ದರೆ ನೀಲಕ್ಕನ ಮನಸ್ಸು ಹಗುರವಾಗುತ್ತಿತ್ತಂತೆ. ವಾರವಿಡೀ ನೀಲಕ್ಕನಿಗೆ ಚಮಚ ಹಿಡಿಯಲೂ ಆಗಲಿಲ್ಲ. ಊಟದ ಮೇಜಿನಲ್ಲಿ ಬೀಗಿತ್ತಿಯೇ ಅವರ ಬ್ರೆಡ್ಡಿಗೆ ಬೆಣ್ಣೆ ಸವರಿ, ಹಣ್ಣು ಹೆಚ್ಚಿ ತಟ್ಟೆಗಿಡುತ್ತಿದ್ದರು. ಬಿಸಿಲಿಗೆ ಹೋಗುವ ಮುನ್ನ ಮಗಳು ಅಮ್ಮನ ಮುಖಕ್ಕೆ ಸನ್‌ಸ್ಕ್ರೀನ್ ಹಚ್ಚುವಳು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ಪಕ್ಕದ ಮೇಜಿನವರು ಕೈ ನೋಡಿದರೋ ಇಲ್ಲವೋ, ನೀಲಕ್ಕನಿಗೆ ಈಗಲೂ ಗೊತ್ತಿಲ್ಲ. ಸಮುದ್ರ ಹೇಗಿತ್ತೆಂದು ನಾನು ಕೇಳಿದರೆ, "ನೀಲಿ ಇತ್ತು" ಎಂದರು.

ಕೊನೆಯ ದಿನ ಮಗಳು, "ಆ ಮಾತು ನಾನು ಆಡಬಾರದಿತ್ತಮ್ಮ" ಎಂದಳಂತೆ. "ಆಡದಿದ್ರೂ ನಾನು ಹೀಗೇ ಮಾಡ್ತಿದ್ದೆ" ಎಂದರಂತೆ ಇವರು. ಮಗಳು ಅದನ್ನು ನಂಬಿದಳೆಂದು ನನಗೆ ಅನ್ನಿಸುವುದಿಲ್ಲ.

ಕೈಗಳ ಗಾಯ ಮಾಗಿತು. ಹಂಡೆಯ ಒಲೆ ಹೊತ್ತಿತು. ನೀಲಿ ಮತ್ತೆ ಮೊಣಕೈವರೆಗೆ ಏರಿತು. ಈಗ ನೀಲಕ್ಕ ಚಿಂದಿಯನ್ನು ಉಜ್ಜಿ ತೋರಿಸುವಾಗ ಗಿರಾಕಿಯ ಮುಖ ನೋಡುವುದಿಲ್ಲ. ತಲೆ ತಗ್ಗಿಸಿಯೇ ಹಿಡಿಯುತ್ತಾರೆ.

ಮೊನ್ನೆ ಬೀಗಿತ್ತಿ ಬಂದಿದ್ದರು, ಅದೇ ಪಟ್ಟೆ ಪಟ್ಟೆಯ ಪೆಟ್ಟಿಗೆ ಎಳೆದುಕೊಂಡು. ಬೇರೆ ಪೆಟ್ಟಿಗೆ ಕೊಡಿಸುತ್ತೇನೆಂದು ನೀಲಕ್ಕ ಎಷ್ಟು ಕೇಳಿಕೊಂಡರೂ ಒಪ್ಪಿಲ್ಲ. "ಚಕ್ರ ಚೆನ್ನಾಗಿದೆ, ಬೀಗ ಚೆನ್ನಾಗಿದೆ. ಇನ್ನೇನು ಬೇಕು? ಪೆಟ್ಟಿಗೆಗಳ ರಾಶೀಲಿ ಹುಡುಕೋದೂ ತಪ್ಪಿತು" ಎಂದು ಬೀದಿಗೆಲ್ಲ ಕೇಳುವಂತೆ ಹೇಳುತ್ತಾರೆ. ಗಾಡಿ ಬಂದ ಸದ್ದಿಗೆ ನೀಲಕ್ಕ ಒದ್ದೆ ಕೈಯಲ್ಲೇ ಓಡಿ ಬಂದರು. ಬೀಗಿತ್ತಿಯನ್ನು ಬರಮಾಡಿಕೊಳ್ಳುವ ಮೊದಲೇ ಪೆಟ್ಟಿಗೆಗೆ ಕೈ ಹಾಕಿದರು. ಹಿಡಿಯ ಹತ್ತಿರ ತಡೆದು, ಮೊದಲು ಕೈಯನ್ನು ತಮ್ಮ ಉಡುಪಿಗೆ ಮೂರ್ನಾಲ್ಕು ಸಲ ಒರೆಸಿಕೊಂಡರು. ಆಮೇಲೆ ಎತ್ತಿಕೊಂಡು, ಪಟ್ಟೆಯ ಮಗ್ಗುಲನ್ನು ಯಾರಿಗೂ ಕಾಣದಂತೆ ಮೈಗೆ ಒತ್ತಿ ಹಿಡಿದು, ಒಳಗೆ ನಡೆದುಬಿಟ್ಟರು.